ಕೀಟೋ ಡಯಟ್ ಶುರು ಮಾಡಿ ಮೂರು ವಾರ, ಬೆನ್ನು, ಎದೆಯ ನಡುವೆ, ಕುತ್ತಿಗೆಯ ಹಿಂದೆಲ್ಲ ತುರಿಕೆ ಗುಳ್ಳೆ, ರಾತ್ರಿ ನಿದ್ದೆಯಿಲ್ಲ. ಮೈಯ ಕೊಳೆ ಹೊರಗೆ ಬರುತ್ತಿದೆ, ಡಿಟಾಕ್ಸ್ ಅಂತ ಒಬ್ಬರು ಹೇಳಿದರು. ಡಯಟ್ ಬಿಡದೆ ವಾಸಿಯಾಗಲು ಯಾವ ಕ್ರೀಮ್ ಹಚ್ಚಬೇಕು?

ಕ್ರೀಮ್ ಹುಡುಕಬೇಡಿ. ಇವತ್ತು ರಾತ್ರಿ ಎರಡು ಸೌಟು ಅನ್ನ ಊಟ ಮಾಡಿ, ನಾಳೆ ಚರ್ಮದ ಡಾಕ್ಟರ ಹತ್ತಿರ ಹೋಗಿ. "ಡಯಟ್ ಬಿಡದೆ" ಅಂತ ನೀವು ಬರೆದದ್ದು ಓದಿ ನನಗೆ ನಿಜವಾಗಿ ಸಂಕಟ ಆಯಿತು. ಮೂರನೇ ವಾರ, ಬೆನ್ನು, ಎದೆಯ ನಡುವೆ, ಕುತ್ತಿಗೆಯ ಹಿಂದೆ, ರಾತ್ರಿ ನಿದ್ದೆ ಕೆಡಿಸುವ ತುರಿಕೆ. ನೀವು ಬರೆದದ್ದೆಲ್ಲ 2022ರಲ್ಲಿ ನನ್ನ ಮೈಮೇಲೆ ಆದದ್ದೇ.

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿ, ಊರು ಕುಂದಾಪುರದ ಹತ್ತಿರ, ಆಫೀಸು ಫೋರ್ಟ್‌ನಲ್ಲಿ. ಎರಡನೇ ಹೆರಿಗೆಯ ನಂತರ ತೂಕ 78 ಕಿಲೋಗೆ ಬಂದು ನಿಂತಿತ್ತು. ಆ ವರ್ಷ ಆಗಸ್ಟ್ ಮೊದಲ ವಾರ ಕೀಟೋ ಶುರು ಮಾಡಿದೆ, ಅಂದರೆ ಅನ್ನ, ಸಕ್ಕರೆಯಂಥ ಕಾರ್ಬ್ ಬಹುತೇಕ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಊಟ. ದಿನಕ್ಕೆ 20 ಗ್ರಾಂ ಕಾರ್ಬ್, ಅದಕ್ಕಿಂತ ಒಂದು ತುತ್ತು ಜಾಸ್ತಿ ಇಲ್ಲ. ಬೆಳಿಗ್ಗೆ ಬೆಣ್ಣೆ ಹಾಕಿದ ಕಾಫಿ, ಮಧ್ಯಾಹ್ನ ಪನೀರ್, ರಾತ್ರಿ ಮೊಟ್ಟೆ ಅಥವಾ ಬಂಗುಡೆ ಫ್ರೈ. ಹುಟ್ಟಿದಾಗಿನಿಂದ ತಿಂದ ಕುಚ್ಚಲಕ್ಕಿ ಅನ್ನ ಒಂದೇ ದಿನ ಬಿಟ್ಟೆ. "ಅನ್ನ ಉಣ್ಣದಿದ್ದರೆ ಅದೆಂಥ ಊಟ ಮಾರಾಯ್ತಿ" ಅಂತ ಅತ್ತೆ ದಿನಾ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಎರಡು ವಾರದಲ್ಲಿ ಮೂರು ಕಿಲೋ ಇಳಿದಿತ್ತು, ಆಗ ಯಾರ ಮಾತು ಕಿವಿಗೆ ಹೋಗುತ್ತದೆ?

ಕಾರ್ಬ್ ಸಿಗದಾಗ ಮೈ ಕೊಬ್ಬು ಕರಗಿಸುತ್ತದೆ, ಆಗ ಹುಟ್ಟುವುದು ಕೀಟೋನ್. ಮೂತ್ರದಲ್ಲಿ ಅದು ಎಷ್ಟಿದೆ ಅಂತ ನೋಡುವ ಸ್ಟ್ರಿಪ್ ಸಿಗುತ್ತದಲ್ಲ, ಅದನ್ನೂ ತರಿಸಿದ್ದೆ. ಕೀಟೋನ್ ಇಲ್ಲದಿದ್ದರೆ ತಿಳಿ ಕಂದು ಬಣ್ಣ, ಹೆಚ್ಚಾದಷ್ಟೂ ಗುಲಾಬಿ, ಆಮೇಲೆ ಗಾಢ ನೇರಳೆ. ದಿನಾ ಬೆಳಿಗ್ಗೆ ಸ್ಟ್ರಿಪ್ಪಿನ ಫೋಟೋ ತೆಗೆದು ನಾದಿನಿಗೆ ಕಳಿಸುತ್ತಿದ್ದೆ. ಅವಳೂ ಅದೇ ಡಯಟ್‌ನಲ್ಲಿದ್ದಳು. (ಅವಳಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಇದು ಎಲ್ಲರಿಗೂ ಆಗುವುದಲ್ಲ, ಅಪರೂಪಕ್ಕೆ ಆಗುವಂಥದ್ದು.) ಈ ಫೋಟೋಗಳ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಗಸ್ಟ್ 20ರ ಸುಮಾರಿಗೆ ರವಿಕೆ ಒತ್ತುವ ಜಾಗದಲ್ಲಿ ಕೆಂಪು ಗುಳ್ಳೆ ಶುರುವಾಯಿತು. ಮೊದಲು ಸೊಳ್ಳೆ ಕಚ್ಚಿದ ಹಾಗೆ. ಮೂರು ದಿನದಲ್ಲಿ ಬೆನ್ನಿನ ಎಡಕ್ಕೂ ಬಲಕ್ಕೂ ಒಂದೇ ಥರ ಹರಡಿತು. ಮನೆಯಲ್ಲಿ ಬೆವರುಸಾಲೆ ಅಂದರು. ಮುಂಬೈ ಸೆಕೆ, ಲೋಕಲ್ ಟ್ರೇನಿನ ತುಂಬಿದ ಲೇಡೀಸ್ ಡಬ್ಬದಲ್ಲಿ ಒಂದೂಕಾಲು ಗಂಟೆ ಬೆವರಿಕೊಂಡು ನಿಲ್ಲುವುದು, ನಾನೂ ಹಾಗೇ ನಂಬಿದೆ. ಡಯಟ್ ಮಾಡುವವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ "ಮೈಯಲ್ಲಿರುವ ಕೊಳೆ ಹೊರಗೆ ಬರ್ತಾ ಇದೆ, ಡಿಟಾಕ್ಸ್ ಅದು, ಸ್ವಲ್ಪ ತಡ್ಕೊಳ್ಳಿ" ಅಂದರು. ನಿಮಗೂ ಯಾರೋ ಇದನ್ನೇ ಹೇಳಿದ್ದಾರೆ ಅಂತ ಬರೆದಿದ್ದೀರಿ. ದಯವಿಟ್ಟು ನಂಬಬೇಡಿ. ಕೊಳೆ ಗಿಳೆ ಏನೂ ಹೊರಗೆ ಬರುವುದಿಲ್ಲ. ಅದು ಚರ್ಮದ ಉರಿಯೂತ.

ಇನ್ನು ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಎರಡು ತಿಂಗಳು ಹಾಳಾದದ್ದು, ಕುತ್ತಿಗೆಯ ಚರ್ಮ ಕೆಟ್ಟದ್ದು, ಎಲ್ಲ ಇದೊಂದರಿಂದ.

ಆ ವರ್ಷ ಚೌತಿ ಆಗಸ್ಟ್ 31ಕ್ಕೆ ಬಿತ್ತು. ಠಾಣೆಯಲ್ಲಿ ಭಾವನ ಮನೆಯಲ್ಲಿ ಐದು ದಿನದ ಗಣಪತಿ. ಹಿಂದಿನ ದಿನ ಸಂಜೆ ತುರಿಕೆ ತಡೆಯಲಾಗದೆ ಸ್ಟೇಷನ್ ಹತ್ತಿರದ ಮೆಡಿಕಲ್‌ಗೆ ಹೋಗಿ ಕೇಳಿದೆ. ಅಂಗಡಿಯವನು ಬೆನ್ನೂ ನೋಡಲಿಲ್ಲ, ಚೀಟಿಯೂ ಕೇಳಲಿಲ್ಲ. "ಫಂಗಸ್ ಇರುತ್ತೆ" ಅಂತ ಒಂದು ಟ್ಯೂಬ್ ಕೊಟ್ಟ. ಆ ರಾತ್ರಿ ಹಚ್ಚಿದೆ. ಮರುದಿನದಿಂದ ಐದು ದಿನ ಭಾವನ ಮನೆ. ಅಲ್ಲಿ ಓರಗಿತ್ತಿ ಬಾಳೆಲೆ ಹಾಕಿ ಬಡಿಸುವಾಗ "ನನಗೆ ಡಯಟ್" ಅನ್ನಲು ಬಾಯಿ ಬರುತ್ತದಾ? ಕಡುಬು, ಪಂಚಕಜ್ಜಾಯ, ಪಾಯಸ, ಅನ್ನ, ಸಾರು, ಎಲ್ಲ ಉಂಡೆ. ಟ್ಯೂಬನ್ನೂ ಬೆಳಿಗ್ಗೆ ಸಂಜೆ ಹಚ್ಚುತ್ತಿದ್ದೆ.

ಗಣಪತಿ ಬಿಡುವ ಹೊತ್ತಿಗೆ ತುರಿಕೆ ನಿಂತಿತ್ತು. ಹೊಸ ಗುಳ್ಳೆ ಒಂದೂ ಇರಲಿಲ್ಲ.

ನಾನು ಏನಂದುಕೊಂಡೆ? ಟ್ಯೂಬ್ ಕೆಲಸ ಮಾಡಿತು ಅಂದುಕೊಂಡೆ. ಒಂದೇ ವಾರದಲ್ಲಿ ಎರಡು ವಿಷಯ ಬದಲಾಗಿದ್ದವು: ಒಂದು ಮುಲಾಮು, ಇನ್ನೊಂದು ಅನ್ನ. ಯಶಸ್ಸನ್ನೆಲ್ಲ ಮುಲಾಮಿಗೆ ಕೊಟ್ಟೆ. ಅನ್ನದ ಕಡೆ ತಲೆಯೇ ಹೋಗಲಿಲ್ಲ. ಡಯಟ್ ಮುರಿದದ್ದು ನನ್ನ ಲೆಕ್ಕದಲ್ಲಿ ಪಾಪ, ಪಾಪದಿಂದ ಒಳ್ಳೆಯದು ಆಗಿರಬಹುದು ಅಂತ ಹೇಗೆ ಹೊಳೆಯಬೇಕು? ಉತ್ತರ ನನ್ನ ಫೋನಿನಲ್ಲೇ ಇತ್ತು. ಆಗಸ್ಟ್ 29ರ ಸ್ಟ್ರಿಪ್ಪು ಗಾಢ ನೇರಳೆ, ಅವತ್ತಿನ ಬೆನ್ನಿನ ಫೋಟೋ ಕೆಂಪು ಕೆಂಪು. ಸೆಪ್ಟೆಂಬರ್ 3ರ ಸ್ಟ್ರಿಪ್ಪು ತಿಳಿ ಕಂದು, ಅವತ್ತು ಬೆನ್ನು ತಣ್ಣಗೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವ ಬುದ್ಧಿ ನನಗೆ ಬರಲಿಲ್ಲ. ಸ್ಟ್ರಿಪ್ಪು ತಿಳಿ ಕಂದು ಆಯಿತಲ್ಲ ಅಂತ ಅತ್ತುಬಿಟ್ಟಿದ್ದೆ ಅವತ್ತು.

ಆದ್ದರಿಂದ ಸೆಪ್ಟೆಂಬರ್ 6ರಿಂದ ಮತ್ತೆ ಕೀಟೋ, ಈ ಸಲ ಇನ್ನೂ ಬಿಗಿಯಾಗಿ. ಒಂದು ವಾರ ದಾಟುವುದರೊಳಗೆ ಗುಳ್ಳೆ ವಾಪಸ್. ಹೆದರಲಿಲ್ಲ, ಔಷಧಿ ಗೊತ್ತಿದೆಯಲ್ಲ ಅಂತ ಇನ್ನೊಂದು ಟ್ಯೂಬ್ ತಂದೆ. ಹಚ್ಚಿದ ರಾತ್ರಿ ತುರಿಕೆ ಕಡಿಮೆ, ಎರಡು ದಿನ ಬಿಟ್ಟು ಹೊಸ ಸಾಲು. ಮತ್ತೆ ಹಚ್ಚು. ಆ ಟ್ಯೂಬಿನಲ್ಲಿ ಏನಿತ್ತು ಅಂತ ಆಮೇಲೆ ಗೊತ್ತಾಯಿತು. ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್, ಅವೆರಡರ ಜೊತೆ ತುಂಬ ಜೋರಾದ ಸ್ಟಿರಾಯ್ಡ್. ಸ್ಟಿರಾಯ್ಡ್ ತುರಿಕೆಯನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುತ್ತದೆ. ಅದಕ್ಕೇ "ಕೆಲಸ ಮಾಡ್ತಾ ಇದೆ" ಅನಿಸುತ್ತದೆ. ನಿಜವಾಗಿ ಫಂಗಸ್ ಇದ್ದವರಿಗೆ ಅದೇ ಸ್ಟಿರಾಯ್ಡ್ ಗಜಕರ್ಣವನ್ನು ಒಳಗೊಳಗೇ ಬೆಳೆಸುತ್ತದೆ. 2018ರಲ್ಲೇ ಸರಕಾರ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ನನಗೆ ಒಟ್ಟು ನಾಲ್ಕು ಟ್ಯೂಬ್ ಸಿಕ್ಕವು, ಒಂದಕ್ಕೂ ಚೀಟಿ ಇರಲಿಲ್ಲ.

ನವರಾತ್ರಿ ಬಂತು. ಇಲ್ಲಿ ಗೊತ್ತಲ್ಲ, ಒಂಬತ್ತು ದಿನ ಒಂಬತ್ತು ಬಣ್ಣದ ಸೀರೆ, ಇಡೀ ಲೇಡೀಸ್ ಡಬ್ಬ ಒಂದೇ ಬಣ್ಣ. ನಾನು ಕುತ್ತಿಗೆ ಮುಚ್ಚುವ ಕುರ್ತಾ ಹಾಕಿ, ದುಪಟ್ಟಾ ಸುತ್ತಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದೆ. ಗೆಳತಿಯರು ಉಪವಾಸ ಹಿಡಿದಿದ್ದರು, ನಾನೂ ಹಿಡಿದೆ. ಅವರು ಸಾಬೂದಾಣೆ ಖಿಚಡಿ ತಿನ್ನುತ್ತಿದ್ದರು, ನಾನು ಅದೂ ತಿನ್ನದೆ ಬರೀ ನೀರು, ಕಾಫಿ. ಉಪವಾಸದಲ್ಲೂ ಕೀಟೋನ್ ಏರುತ್ತದೆ, ಅದು ಆಗ ಗೊತ್ತಿರಲಿಲ್ಲ. ಐದನೇ ದಿನ ಗುಳ್ಳೆ ಹೊಟ್ಟೆಯವರೆಗೆ ಇಳಿಯಿತು, ಕೆಲವು ನೀರು ತುಂಬಿಕೊಂಡವು. ಹಳೆಯ ಗುಳ್ಳೆ ಒಣಗಿದ ಕಡೆ ಕಂದು ಕಲೆ. ಕಲೆಗಳು ಒಂದಕ್ಕೊಂದು ಸೇರಿ ಮೀನಿನ ಬಲೆ ಹಾಸಿದ ಹಾಗೆ ಕಾಣುತ್ತಿದ್ದವು. ಕನ್ನಡಿಗೆ ಬೆನ್ನು ಮಾಡಿ ನೋಡಿದಾಗ ಆ ಬಲೆ ಕಂಡು ಕೈಕಾಲು ತಣ್ಣಗಾಯಿತು. ಕುತ್ತಿಗೆಯ ಹಿಂದೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಸಣ್ಣ ಕೆಂಪು ನರ ಕಾಣುತ್ತಿತ್ತು. ಬಿಸಿಲಿಗೆ ಹೋದರೆ ಉರಿ. ಅದು ಗುಳ್ಳೆಯಿಂದ ಅಲ್ಲ, ಟ್ಯೂಬಿನಿಂದ.

ದಸರಾ ಮುಗಿದ ಮೇಲೆ ರಜೆ ಹಾಕಿ ಒಂದು ದೊಡ್ಡ ಸರಕಾರಿ ಆಸ್ಪತ್ರೆಗೆ ಹೋದೆ. ಕೇಸ್ ಪೇಪರ್ ಮಾಡಿಸಿ ಚರ್ಮದ ಓಪಿಡಿಯಲ್ಲಿ ಎರಡು ಗಂಟೆ ಕೂತೆ. ಸಣ್ಣ ವಯಸ್ಸಿನ ಡಾಕ್ಟರಮ್ಮ. ಬೆನ್ನು ನೋಡಿದವರೇ ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಡಯಟ್ ಏನಾದ್ರೂ ಮಾಡ್ತಿದ್ದೀರಾ?" ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ನನಗೆ ಅಲ್ಲೇ ಕಣ್ಣು ತುಂಬಿತು.

ಬ್ಲೇಡಿನಿಂದ ಚರ್ಮ ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು, ಫಂಗಸ್ ಇದೆಯಾ ಅಂತ ತಿಳಿಯಲು ಕೆಒಎಚ್ ಎಂಬ ದ್ರಾವಣ ಹಾಕಿ ನೋಡಿದರು, ಫಂಗಸ್ ಇರಲಿಲ್ಲ. ಮರಗಟ್ಟಿಸಿ ಪೆನ್ಸಿಲ್ ಹಿಂಬದಿಗಿಂತ ಸಣ್ಣ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸಿದರು, ಒಂದು ಹೊಲಿಗೆ. ಕಾಯಿಲೆಯ ಹೆಸರು ಪ್ರುರೈಗೊ ಪಿಗ್ಮೆಂಟೋಸಾ. 1971ರಲ್ಲಿ ಜಪಾನಿನ ನಾಗಾಶಿಮಾ ಎಂಬ ಚರ್ಮದ ಡಾಕ್ಟರು ಮೊದಲು ಗುರುತಿಸಿದ್ದು. ಕೀಟೋ ಮಾಡುವವರಲ್ಲಿ ಕಾಣಿಸಿದ್ದರಿಂದ ಜನ ಈಗ ಕೀಟೋ ರ‍್ಯಾಶ್ ಅನ್ನುತ್ತಾರೆ. ಹರೆಯದ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಡಯಟ್ ಒಂದರಿಂದಲೇ ಅಲ್ಲ, ಕಡು ಉಪವಾಸ, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬಸುರಿಯಲ್ಲಿ ವಾಂತಿಯಾಗಿ ಏನೂ ತಿನ್ನಲಾಗದ ಸ್ಥಿತಿ, ತೂಕ ಇಳಿಸುವ ಹೊಟ್ಟೆಯ ಆಪರೇಷನ್ ಆದ ಮೇಲೆ, ಹೀಗೆ ಕೀಟೋನ್ ಏರುವ ಕಡೆಯಲ್ಲೆಲ್ಲ ಇದು ಕಂಡಿದೆ. ಏರಿದ ಕೀಟೋನಿನಿಂದ ಚರ್ಮದ ರಕ್ತನಾಳದ ಸುತ್ತ ಉರಿಯೂತ ಆಗುತ್ತದೆ ಅಂತ ಡಾಕ್ಟರಮ್ಮ ಹೇಳಿದರು. ಬೆವರು, ಬಟ್ಟೆಯ ಉಜ್ಜಾಟ ಅದನ್ನು ಕೆರಳಿಸುತ್ತವೆ. ಅದಕ್ಕೇ ಮೊದಲು ರವಿಕೆಯ ಅಂಚಿನಲ್ಲಿ ಎದ್ದದ್ದು.

ನನ್ನ ಫೋನಿನ ಫೋಟೋಗಳನ್ನು ತಾರೀಕಿನ ಪ್ರಕಾರ ಸರಿಸಿ ತೋರಿಸಿದವರೂ ಅವರೇ. "ನಿಮ್ಮ ಔಷಧಿ ಟ್ಯೂಬಲ್ಲ, ಮೋದಕ" ಅಂದರು.

ಅವತ್ತೇ ಅನ್ನಕ್ಕೆ ವಾಪಸ್ಸಾದೆ. ಜೊತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರು. ಇಲ್ಲಿ ಅದು ಸೋಂಕಿಗೆ ಅಲ್ಲ, ಉರಿಯೂತ ಇಳಿಸಲು. ಅದನ್ನೂ ನೀವೇ ತಂದು ನುಂಗಬೇಡಿ. ಬಸುರಿಯರು ತಗೊಳ್ಳಬಾರದು. ತುಂಬಾ ನೀರಿನ ಜೊತೆ ತಗೊಂಡು ತಕ್ಷಣ ಮಲಗದೆ ಇರಬೇಕು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ನಾಲ್ಕನೇ ದಿನ ತುರಿಕೆ ಹೋಯಿತು, ಎರಡು ವಾರದಲ್ಲಿ ಹೊಸ ಗುಳ್ಳೆ ನಿಂತೇ ಹೋಯಿತು. ಆದರೆ ಆ ಬಲೆಯ ಕಲೆ ಮಾಸಲು ಒಂದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಚೌತಿಯ ವಾರವೇ ನನಗೆ ಅರ್ಥವಾಗಿದ್ದರೆ ಕಲೆ ಇಷ್ಟು ಹರಡುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಡಯಟ್ ಬಿಡದೆ ಗುಣ ಮಾಡಬಹುದಾ ಅಂದರೆ, ಮಾತ್ರೆ ನುಂಗುತ್ತಾ ಕೀಟೋ ಮುಂದುವರಿಸುವವರು ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಐದು ಕಿಲೋ ಇಳಿಸಲು ತಿಂಗಳುಗಟ್ಟಲೆ ಆಂಟಿಬಯೋಟಿಕ್ ಯಾಕೆ ತಿನ್ನಬೇಕು? ನಿಮ್ಮ ಮೈ ಈ ಡಯಟ್ ಬೇಡ ಅನ್ನುತ್ತಿದೆ, ಅಷ್ಟೇ. ನಾನೀಗ ಮಧ್ಯಾಹ್ನ ಎರಡು ಸೌಟು ಕುಚ್ಚಲಕ್ಕಿ ಅನ್ನ, ರಾತ್ರಿ ಒಂದು ಭಾಕ್ರಿ ತಿನ್ನುತ್ತೇನೆ. ಸಂಜೆ ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಹಿಡಿಯದೆ ನಡೆಯುತ್ತೇನೆ. ತೂಕ 72. ನಿಧಾನಕ್ಕೆ ಇಳಿಯಿತು, ಇಳಿದದ್ದು ನಿಂತಿದೆ.

ಒಂದೇ ಕಡೆ ನನ್ನ ಮಾತು ಕೇಳಬೇಡಿ. ಕೀಟೋ ಊಟ ಹುಟ್ಟಿದ್ದೇ ಮೂರ್ಛೆರೋಗಕ್ಕೆ, 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾಕ್ಟರೊಬ್ಬರು ಸೂಚಿಸಿದ್ದು. ಮನೆಯಲ್ಲಿ ಮಗುವಿಗೆ ಫಿಟ್ಸ್‌ಗೆ ಅಂತ ಡಾಕ್ಟರೇ ಈ ಊಟ ಕೊಟ್ಟಿದ್ದರೆ ಅವರನ್ನು ಕೇಳದೆ ನಿಲ್ಲಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಕೀಟೋ ಹಿಡಿಯುವಾಗಲೂ ಬಿಡುವಾಗಲೂ ಡಾಕ್ಟರನ್ನು ಕೇಳಲೇಬೇಕು. ಅಂಥವರಿಗೆ ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಓಪಿಡಿಗೆ ಕಾಯಬಾರದು, ನೇರ ಎಮರ್ಜೆನ್ಸಿಗೆ ಹೋಗಬೇಕು.

ನಿಮಗೆ ಜ್ವರ ಇದ್ದರೆ, ಬಾಯಿಯಲ್ಲಿ ಹುಣ್ಣು ಎದ್ದಿದ್ದರೆ, ಇತ್ತೀಚೆಗೆ ಹೊಸ ಮಾತ್ರೆ ಯಾವುದಾದರೂ ಶುರು ಮಾಡಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು, ಇವತ್ತೇ ತೋರಿಸಿ. ಮುಖದ ಮೇಲೆ ಮಾತ್ರ ಮೊಡವೆ ಇದ್ದರೆ ಪ್ರೋಟೀನ್ ಪೌಡರ್ ಕಾರಣ ಇರಬಹುದು, ಅದನ್ನೂ ಹೇಳಿ.

ಹೋಗುವಾಗ ಬೆನ್ನಿನ ಫೋಟೋಗಳನ್ನು ತಾರೀಕಿನ ಸಮೇತ ಒಯ್ಯಿರಿ. ಡಯಟ್ ಯಾವತ್ತು ಶುರು, ಮಧ್ಯೆ ಯಾವತ್ತು ಮುರಿದಿರಿ, ಚೀಟಿಯಲ್ಲಿ ಬರೆದುಕೊಳ್ಳಿ. ಈಗಾಗಲೇ ಯಾವುದಾದರೂ ಟ್ಯೂಬ್ ಹಚ್ಚುತ್ತಿದ್ದರೆ ಖಾಲಿಯಾಗಿದ್ದರೂ ಬಿಸಾಡಬೇಡಿ, ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ತುಂಬ ದಿನ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಿದಾಗ ಉರಿ ಇನ್ನೂ ಜಾಸ್ತಿಯಾಗಬಹುದು, ಹೇಗೆ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ನನಗೆ ಬದಲಿಗೆ ಒಂದು ಹಗುರ ಕ್ರೀಮ್ ಕೊಟ್ಟು ಮೂರು ವಾರದಲ್ಲಿ ಬಿಡಿಸಿದರು.