ಓದುಗರ ಪ್ರಶ್ನೆ: ಮಳೆಗಾಲದಲ್ಲಿ ಕಾಶಿಗೆ ಹೋಗಬಹುದಾ?

ಈ ಸಲದ ಪತ್ರಗಳಲ್ಲಿ ಕಾಶಿಯದ್ದೇ ಕಾರುಬಾರು. ಜುಲೈ, ಆಗಸ್ಟ್‌ನಲ್ಲಿ ಹೊರಟವರೇ ಜಾಸ್ತಿ. ಹೋಗಲಾ, ಬಿಡಲಾ ಅಂತ ಕೇಳುವವರೂ ಅವರೇ. ಹಾಗಾಗಿ ಬೇರೆ ಊರಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇವೆ.

ಪ್ರಶ್ನೆ: ಆಗಸ್ಟ್ 15ರ ಸುತ್ತ ಸಾಲು ರಜೆ ಇದೆ. ನಾನು, ನಮ್ಮ ಯಜಮಾನರು, 72 ವರ್ಷದ ಅತ್ತೆ ಮೂವರಿಗೂ ಟಿಕೆಟ್ ಆಗಿದೆ. ಗಂಗಾಸ್ನಾನ, ದೋಣಿಯಲ್ಲಿ ಒಂದು ಸುತ್ತು, ಸಂಜೆ ಆರತಿ, ಇಷ್ಟಾದರೆ ಸಾಕು ಅನ್ನುತ್ತಾರೆ ಅತ್ತೆ. ಆದರೆ ಕೇಳಿದವರೆಲ್ಲ ಪ್ರವಾಹ ಅಂತ ಹೆದರಿಸುತ್ತಿದ್ದಾರೆ. ರದ್ದು ಮಾಡೋಣವಾ? (ಹಾಸನ)

ಉತ್ತರ: ರದ್ದು ಮಾಡಬೇಕೋ ಬೇಡವೋ ಅನ್ನುವುದಕ್ಕಿಂತ ಮೊದಲು ಅತ್ತೆಯವರ ಹತ್ತಿರ ಕೂತು ಮಾತಾಡಿ. ಅವರು ಕೇಳಿದ ಮೂರರಲ್ಲಿ ದೋಣಿ ಬಹುಶಃ ಆಗುವುದಿಲ್ಲ. ಸ್ನಾನ ಅರ್ಧ ಆಗುತ್ತದೆ. ಆರತಿ ಖಂಡಿತ ಆಗುತ್ತದೆ, ಆದರೆ ಫೋಟೊಗಳಲ್ಲಿ ನೋಡಿದ ಹಾಗೆ ಇರುವುದಿಲ್ಲ.

ಬೇಸಿಗೆಯಲ್ಲಿ ಕಾಶಿಯ ಗಂಗೆ ಸಮುದ್ರಮಟ್ಟದಿಂದ 60 ಮೀಟರ್‌ಗಿಂತ ಕೆಳಕ್ಕೆ ಇಳಿದಿರುತ್ತದೆ. ಮಳೆಗಾಲದಲ್ಲಿ 70 ದಾಟುವುದೂ ಉಂಟು. ಅಂದರೆ ಮೂರಂತಸ್ತಿನ ಮನೆಯಷ್ಟು ಎತ್ತರಕ್ಕೆ ನದಿ ಮೇಲೆದ್ದು ಬರುತ್ತದೆ. ಅಲ್ಲಿ ಎಚ್ಚರಿಕೆ ಮಟ್ಟ 70.262 ಮೀಟರ್, ಅಪಾಯದ ಮಟ್ಟ 71.262. ಟಿವಿಯಲ್ಲಿ ‘ಗಂಗೆ 71 ಮೀಟರ್’ ಅಂತ ಬಂದಾಗ ಅಷ್ಟು ಆಳ ನೀರು ಅಂದುಕೊಂಡು ಗಾಬರಿಯಾಗುವವರಿದ್ದಾರೆ. ಅದು ಆಳ ಅಲ್ಲ, ಸಮುದ್ರಮಟ್ಟದಿಂದ ಲೆಕ್ಕ. 1978ರಲ್ಲಿ 73.901ಕ್ಕೆ ಹೋಗಿತ್ತು, ಇವತ್ತಿಗೂ ಅಲ್ಲಿಯವರು ಪ್ರತಿ ನೆರೆಯನ್ನೂ ಅದರ ಜೊತೆ ಹೋಲಿಸಿಯೇ ಮಾತಾಡುವುದು. 2016 ಮತ್ತು 2021ರಲ್ಲೂ ನೀರು ಅಪಾಯದ ಮಟ್ಟ ದಾಟಿತ್ತು.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ ಹೊಳೆಯುವುದೇ ಇಲ್ಲ. ಕಾಶಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಗಂಗೆ ಏರಬಹುದು. ನೀರು ಬರುವುದು ಹಿಮಾಲಯದ ಕಡೆಯಿಂದ, ಜೊತೆಗೆ ಚಂಬಲ್, ಬೇತ್ವಾ, ಕೇನ್ ನದಿಗಳೆಲ್ಲ ಯಮುನೆಗೆ ಸೇರಿ, ಆ ಯಮುನೆ ಪ್ರಯಾಗದಲ್ಲಿ ಗಂಗೆಗೆ ಸೇರಿ, ಎಲ್ಲ ಒಟ್ಟಾಗಿ ಕೆಳಗೆ ಕಾಶಿಗೆ ಬರುತ್ತದೆ. ಹಾಗಾಗಿ ಹೊರಡುವ ವಾರ ವಾರಾಣಸಿಯ ಮಳೆ ಮುನ್ಸೂಚನೆ ನೋಡಿ ಪ್ರಯೋಜನವಿಲ್ಲ. ಪ್ರಯಾಗರಾಜ್‌ನಲ್ಲಿ ನೀರು ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ. ಕೇಂದ್ರ ಜಲ ಆಯೋಗ ಈ ಮಟ್ಟಗಳನ್ನು ಪ್ರಕಟಿಸುತ್ತದೆ. ಪ್ರಯಾಗದಲ್ಲಿ ಏರಿದ್ದು ಕಾಶಿಗೂ ಬಂದೇ ಬರುತ್ತದೆ.

ನೀರು ಏರಿದ ಮೇಲೆ ಮೊದಲು ಆಗುವುದು ದೋಣಿ ನಿಷೇಧ. ಸಣ್ಣ ದೋಣಿ, ಮೋಟಾರು ದೋಣಿ, ಕ್ರೂಸ್ ಯಾವುದೂ ಇಲ್ಲ. ಯಾರಾದರೂ ಮೆಲ್ಲಗೆ ಬಂದು ‘ನಾನು ಕರೆದುಕೊಂಡು ಹೋಗುತ್ತೇನೆ’ ಅಂದರೆ ದಯವಿಟ್ಟು ಹತ್ತಬೇಡಿ. ಆ ಸೆಳೆತದ ಮುಂದೆ ದೋಣಿ ನಡೆಸುವ ಅನುಭವಸ್ಥ ಮಲ್ಲಾಹರೇ ಕೈಕಟ್ಟಿ ಕೂರುತ್ತಾರೆ. ಎರಡನೆಯದು, ಘಾಟ್‌ನಿಂದ ಘಾಟ್‌ಗೆ ದಡದಲ್ಲೇ ನಡೆದು ಹೋಗುವ ದಾರಿ ಮುಳುಗುತ್ತದೆ. ಅಸ್ಸಿಯಿಂದ ದಶಾಶ್ವಮೇಧಕ್ಕೆ ಹೋಗಬೇಕೆಂದರೆ ಊರಿನ ಒಳಗೆ ಬಂದು, ಗಲ್ಲಿ, ರಸ್ತೆ ಹಿಡಿದು, ಮತ್ತೆ ಇಳಿಯಬೇಕು. ಸ್ನಾನಕ್ಕೆ ಉಳಿದ ಮೇಲಿನ ಮೆಟ್ಟಿಲುಗಳಲ್ಲಿ, ಪೊಲೀಸರು ಹಗ್ಗ, ಬ್ಯಾರಿಕೇಡ್ ಕಟ್ಟಿದ ಜಾಗದಲ್ಲಿ ಮಾತ್ರ ಇಳಿಯಬೇಕು. ಅತ್ತೆಯವರಿಗೆ ನನ್ನ ಸಲಹೆ, ಮುಳುಗು ಹಾಕುವುದೇ ಬೇಡ. ಮೇಲಿನ ಮೆಟ್ಟಿಲ ಮೇಲೆ ಕೂರಿಸಿ, ಚೊಂಬಿನಲ್ಲಿ ನೀರು ತೆಗೆದು ತಲೆಗೆ ಹಾಕಿ. ಗಂಗೆಯೇ ಮನೆ ಬಾಗಿಲಿಗೆ ಬಂದಿರುವಾಗ ಇಳಿದು ಹೋಗುವ ಹಟ ಯಾಕೆ?

ಆರತಿ ನಿಲ್ಲುವುದಿಲ್ಲ. ದಶಾಶ್ವಮೇಧದಲ್ಲಿ ನೀರು ಏರಿದ ಹಾಗೆ ಆರತಿಯ ಜಾಗವೂ ಮೇಲೆ ಮೇಲೆ ಸರಿಯುತ್ತದೆ, ಕೊನೆಗೆ ಕಟ್ಟಡದ ಮಾಳಿಗೆಗೇ ಹೋಗುತ್ತದೆ. ಆಗ ನೋಡಲು ಜಾಗ ಕಡಿಮೆ. ವಯಸ್ಸಾದವರನ್ನು ಕರೆದುಕೊಂಡು ಒಂದು ಗಂಟೆ ಮೊದಲೇ ಹೋಗಿ.

ಇಷ್ಟಕ್ಕೆ ಅತ್ತೆ ‘ಸರಿ’ ಅಂದರೆ ಹೋಗಿ ಬನ್ನಿ. ‘ದೋಣಿ ಇಲ್ಲದಿದ್ದರೆ ಕಾಶಿ ಯಾಕೆ’ ಅಂದರೆ ಟಿಕೆಟ್ ದುಡ್ಡು ಸ್ವಲ್ಪ ಹೋದರೂ ಪರವಾಗಿಲ್ಲ, ನವೆಂಬರ್‌ಗೆ ಮುಂದೂಡಿ. ಸೆಪ್ಟೆಂಬರ್‌ಗೆ ಅಂತ ಮಾಡಬೇಡಿ. ನೀರು ಇಳಿದ ಮೇಲೆ ಘಾಟ್‌ಗಳ ಮೇಲೆ ಆಳು ಮುಳುಗುವಷ್ಟು ಅಲ್ಲದಿದ್ದರೂ ಕಾಲು ಹೂತುಹೋಗುವಷ್ಟು ಹೂಳು ನಿಂತಿರುತ್ತದೆ, ಪಂಪು ಹಚ್ಚಿ ತೊಳೆಯುತ್ತಲೇ ಇರುತ್ತಾರೆ.

ಪ್ರಶ್ನೆ: ಶ್ರಾವಣ ಸೋಮವಾರ ವಿಶ್ವನಾಥನ ದರ್ಶನ ಮಾಡುತ್ತೇನೆ ಅಂತ ಹರಕೆ ಹೊತ್ತಿದ್ದೇನೆ. ಆವತ್ತು ತುಂಬಾ ನೂಕುನುಗ್ಗಲಂತೆ, ನಿಜವಾ? (ಗದಗ)

ಉತ್ತರ: ನಿಜ, ಆದರೆ ಯಾವ ಶ್ರಾವಣ ಅನ್ನುವುದರ ಮೇಲಿದೆ. ನಮ್ಮ ಪಂಚಾಂಗದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಉತ್ತರದಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಹಾಗಾಗಿ ಅವರ ಶ್ರಾವಣ, ಅವರು ಹೇಳುವ ಸಾವನ್, ಗುರುಪೂರ್ಣಿಮೆಯ ಮರುದಿನವೇ ಶುರು. ನಮ್ಮಲ್ಲಿ ಆಗ ಇನ್ನೂ ಆಷಾಢ. ಭೀಮನ ಅಮಾವಾಸ್ಯೆ ಕಳೆದು ನಮ್ಮ ಶ್ರಾವಣ ಶುರುವಾಗುವ ಹೊತ್ತಿಗೆ ಅವರದ್ದು ಅರ್ಧ ಮುಗಿದಿರುತ್ತದೆ. ನೂಲ ಹುಣ್ಣಿಮೆಗೆ ಅವರ ಶ್ರಾವಣ ಪೂರ್ತಿ ಮುಗಿಯಿತು. ನಮಗೆ ಇನ್ನೂ ಹದಿನೈದು ದಿನ ಬಾಕಿ!

ಇದರಲ್ಲಿ ನಿಮಗೆ ಒಂದು ಒಳ್ಳೆಯ ಅವಕಾಶ ಇದೆ. ನೂಲ ಹುಣ್ಣಿಮೆಯ ನಂತರದ ಸೋಮವಾರ ಹೋಗಿ. ನಿಮ್ಮ ಲೆಕ್ಕದಲ್ಲಿ ಅದು ಅಪ್ಪಟ ಶ್ರಾವಣ ಸೋಮವಾರ, ಹರಕೆ ತೀರಿತು. ಕಾಶಿಯವರ ಲೆಕ್ಕದಲ್ಲಿ ಭಾದ್ರಪದ, ಸಾವನ್‌ನ ಜಾತ್ರೆ ಕರಗಿರುತ್ತದೆ. ಸೋಮವಾರ ಅಂದಮೇಲೆ ಜನ ಇದ್ದೇ ಇರುತ್ತಾರೆ, ಆದರೆ ಸಾವನ್ ಸೋಮವಾರದ ಲಕ್ಷಾಂತರ ಜನರ ಸಾಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಸಾವನ್ ಸೋಮವಾರ ಅಂದರೆ ಹಿಂದಿನ ರಾತ್ರಿಯಿಂದಲೇ ಸಾಲು, ದೇವಸ್ಥಾನದ ಹತ್ತಿರದ ಗೋದೌಲಿಯಾ ವೃತ್ತದ ಕಡೆ ವಾಹನ ಬಂದ್, ಲಿಂಗ ಮುಟ್ಟಿ ಪೂಜೆ ಮಾಡುವ ಸ್ಪರ್ಶ ದರ್ಶನವೂ ಇರುವುದಿಲ್ಲ, ದೂರದಿಂದ ನೋಡಿ ಮುಂದೆ ನಡೆಯುವುದಷ್ಟೇ.

ನದಿ ಮಾತ್ರ ನಿಮ್ಮ ಪಂಚಾಂಗವನ್ನೂ ಕೇಳುವುದಿಲ್ಲ, ಅವರದ್ದನ್ನೂ ಕೇಳುವುದಿಲ್ಲ. ಆ ಹೊತ್ತಿಗೆ ನೆರೆ ಇರುವ ಸಾಧ್ಯತೆ ಜಾಸ್ತಿಯೇ. ದರ್ಶನ ಮುಖ್ಯ ಅನ್ನುವವರಿಗೆ ಇದರಿಂದ ನಷ್ಟವಿಲ್ಲ. ಊರೊಳಗಿನ ಗೇಟುಗಳಿಂದಲೇ ದೇವಸ್ಥಾನಕ್ಕೆ ಹೋಗಬಹುದು. ಮೊಬೈಲ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಹೋದರೆ ಲಾಕರ್ ಹುಡುಕುವ ಕೆಲಸ ತಪ್ಪುತ್ತದೆ.

ಸಾವನ್‌ನಲ್ಲೇ ಹೋಗಿ, ಪ್ರಯಾಗಕ್ಕೂ ಹೋಗುವ ಯೋಚನೆ ಇದ್ದರೆ ಒಂದು ಮಾತು. ಗಂಗಾಜಲ ಹೊತ್ತ ಕಾವಡಿಯವರು ಪ್ರಯಾಗ–ಕಾಶಿ ಹೆದ್ದಾರಿಯಲ್ಲಿ ನಡೆದು ಬರುತ್ತಿರುತ್ತಾರೆ. ಅವರಿಗಾಗಿ ರಸ್ತೆಯ ಒಂದು ಬದಿಯನ್ನೇ ಬಿಟ್ಟುಕೊಡುವುದು ವಾಡಿಕೆ. ಹಾಗಾಗಿ ಕಾರಿನ ಪ್ರಯಾಣ ಅಂದುಕೊಂಡದ್ದಕ್ಕಿಂತ ಬಹಳ ಉದ್ದವಾಗುತ್ತದೆ.

ಪ್ರಶ್ನೆ: ನಾವು ರಾಯಚೂರಿನವರು, 42 ಡಿಗ್ರಿ ನೋಡಿ ಬೆಳೆದವರು. ಜುಲೈನಲ್ಲಿ ಕಾಶಿಯಲ್ಲಿ 34 ತೋರಿಸುತ್ತಿದೆ. ಮಳೆ ಬೇರೆ. ಸೆಕೆ ಸೆಕೆ ಅಂತ ಜನ ಸುಮ್ನೆ ಹೇಳುತ್ತಾರೆ ಅಲ್ವಾ?

ಉತ್ತರ: ಸುಮ್ನೆ ಅಲ್ಲ. ಈ ಪ್ರಶ್ನೆಯನ್ನು ಮಂಗಳೂರಿನವರು ಕೇಳುತ್ತಿರಲಿಲ್ಲ ನೋಡಿ. ನಿಮ್ಮೂರಿನ ಬಿಸಿಲು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತದೆ, ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಮಳೆಗಾಲದ ಕಾಶಿಯಲ್ಲಿ ಗಾಳಿಯಲ್ಲಿ ಆಗಲೇ ನೀರು ತುಂಬಿರುತ್ತದೆ. ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಮೈ ತಣಿಯಲು ಇರುವ ದಾರಿಯೇ ಮುಚ್ಚಿತು. ಅದಕ್ಕೇ 34 ಡಿಗ್ರಿ ಅನ್ನುವುದು ಮೈಗೆ 45ರ ಹಾಗೆ ಆಗುತ್ತದೆ. ಅಲ್ಲಿಯವರು ಇದಕ್ಕೆ ಉಮಸ್ ಅನ್ನುತ್ತಾರೆ. ಒಂದು ಜೋರು ಮಳೆ ಬಿದ್ದು ನಿಂತು, ಬಿಸಿಲು ಬಂದ ಮೇಲಿನ ಎರಡು ತಾಸು ಇದೆಯಲ್ಲ, ಅದೇ ಎಲ್ಲಕ್ಕಿಂತ ಕಷ್ಟದ್ದು. ಗಲ್ಲಿಗಳಲ್ಲಿ ಗಾಳಿಯೂ ಆಡುವುದಿಲ್ಲ.

ಏನು ಮಾಡಬೇಕೆಂದರೆ, ದಿನವನ್ನು ಎರಡು ತುಂಡು ಮಾಡಿ. ಜುಲೈನಲ್ಲಿ ಅಲ್ಲಿ ಐದೂಕಾಲರ ಹೊತ್ತಿಗೆ ಸೂರ್ಯ ಹುಟ್ಟಿರುತ್ತಾನೆ. ಐದಕ್ಕೆ ಹೊರಟು ಹತ್ತಕ್ಕೆ ರೂಮಿಗೆ ವಾಪಸ್. ಮತ್ತೆ ಹೊರಡುವುದು ನಾಲ್ಕೂವರೆಯ ನಂತರ. ನಡುವೆ ಫ್ಯಾನೋ ಏಸಿಯೋ ಹಾಕಿ ಮಲಗಿ, ನಾಚಿಕೆ ಬೇಡ. ಬರೀ ನೀರು ಕುಡಿದರೆ ಸಾಲದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಓಆರ್‌ಎಸ್ ಪೊಟ್ಟಣಗಳನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಹೊರಡುವ ಮೊದಲೇ ವೈದ್ಯರನ್ನು ಕೇಳಿ. ಜೊತೆಗಿದ್ದವರು ತಲೆಸುತ್ತು ಅಂದರೆ ನೆರಳಿನಲ್ಲಿ ಕೂರಿಸಿ. ಮಾತು ತೊದಲಿದರೆ, ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗದಂತೆ ವರ್ತಿಸಿದರೆ ದರ್ಶನದ ಸಾಲನ್ನು ಬಿಟ್ಟು ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೇವರು ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ಗಂಗೆ ಕಾಣುವ ರೂಮೇ ಬೇಕು ಅಂತ ಮಗಳ ಹಟ. ಮಳೆಗಾಲದಲ್ಲಿ ತೊಂದರೆ ಇಲ್ಲವಾ?

ಉತ್ತರ: ರೂಮು ಮೂರನೇ ಮಹಡಿಯಲ್ಲಿದ್ದರೂ ಬಾಗಿಲು ನೆಲದ ಮೇಲೇ ಇರುತ್ತದೆ. ಬುಕ್ ಮಾಡುವ ಮೊದಲು ಕೇಳಬೇಕಾದದ್ದು ಒಂದೇ: ಘಾಟ್ ಮುಳುಗಿದಾಗ ಹಿಂದಿನ ಗಲ್ಲಿಯಿಂದ ಬರಲು ದಾರಿ ಇದೆಯಾ? ‘ಇದೆ, ಆದರೆ ಸ್ವಲ್ಪ ನೀರು ಇರುತ್ತದೆ’ ಅಂದರೆ ಬಿಟ್ಟುಬಿಡಿ. ಆ ಸ್ವಲ್ಪ ನೀರಿನಲ್ಲಿ ಚರಂಡಿಯದ್ದೂ ಸೇರಿರುತ್ತದೆ, ಕರೆಂಟು ತಂತಿಯ ಭಯ ಬೇರೆ. ಅಸ್ಸಿಯ ತಗ್ಗು ಪ್ರದೇಶ, ವರುಣಾ ನದಿಯ ದಂಡೆ ಎರಡನ್ನೂ ತಪ್ಪಿಸಿ. ಗಂಗೆ ಏರಿದಾಗ ವರುಣೆಯ ನೀರಿಗೆ ಹೋಗಲು ಜಾಗವಿಲ್ಲದೆ ಹಿಂದಕ್ಕೆ ತಳ್ಳಿಸಿಕೊಂಡು ಬರುತ್ತದೆ, ಗಂಗೆಯಿಂದ ದೂರ ಇರುವ ಮನೆಗಳೂ ಮುಳುಗುವುದು ಹಾಗೆ.

ಹನುಮಾನ್ ಘಾಟ್, ಕೇದಾರ್ ಘಾಟ್ ಸುತ್ತ ದಕ್ಷಿಣದವರು ಹಿಂದಿನಿಂದಲೂ ಇದ್ದಾರೆ, ನಮ್ಮ ಕರ್ನಾಟಕ ಘಾಟ್ ಇರುವುದೂ ಅಲ್ಲೇ. ಗೋದೌಲಿಯಾ ಹತ್ತಿರ ಜಂಗಮವಾಡಿ ಮಠವಿದೆ. ಕನ್ನಡದಲ್ಲಿ ಮಾತಾಡಿ ವಿಚಾರಿಸಿಕೊಳ್ಳಬೇಕು ಅನ್ನುವವರಿಗೆ ಇವು ಅನುಕೂಲ. ಎಲ್ಲೇ ಉಳಿದರೂ ಸೂಟ್‌ಕೇಸ್ ಬೇಡ. ರಿಕ್ಷಾ ಗಲ್ಲಿಯ ಬಾಯಿಗೆ ಬಿಟ್ಟು ಹೋಗುತ್ತದೆ, ಅಲ್ಲಿಂದ ಕೆಸರು, ಸಗಣಿಯ ನಡುವೆ ಚಕ್ರ ಉರುಳುವುದಿಲ್ಲ. ಬೆನ್ನಿಗೆ ಹಾಕುವ ಚೀಲವೇ ಸರಿ.

ಪ್ರಶ್ನೆ: ತಂದೆಯವರ ಅಸ್ಥಿ ಬಿಡಬೇಕು. ಮುಂದೂಡುವ ಹಾಗಿಲ್ಲ. ನೆರೆ ಬಂದರೆ? (ಶಿವಮೊಗ್ಗ)

ಉತ್ತರ: ನಿಲ್ಲುವುದಿಲ್ಲ, ಚಿಂತೆ ಮಾಡಬೇಡಿ. ಮಣಿಕರ್ಣಿಕಾದಲ್ಲಿ ನೀರು ಏರಿದರೆ ಚಿತೆಗಳನ್ನೇ ಮೇಲಿನ ಮಾಳಿಗೆಗೆ ತೆಗೆದುಕೊಂಡು ಹೋಗುತ್ತಾರೆ, ಹರಿಶ್ಚಂದ್ರ ಘಾಟ್‌ನಲ್ಲಿ ಗಲ್ಲಿಯೊಳಗೆ ಸುಡುತ್ತಾರೆ. ಆ ಊರು ಈ ಕೆಲಸವನ್ನು ಯಾವತ್ತೂ ನಿಲ್ಲಿಸಿದ್ದಲ್ಲ. ದೋಣಿಯಲ್ಲಿ ನಡುನೀರಿಗೆ ಹೋಗುವುದು ಆಗದಿರಬಹುದು, ದಡದಿಂದಲೇ ಬಿಡಬೇಕಾಗುತ್ತದೆ. ಪಿಂಡಪ್ರದಾನವನ್ನು ಪುರೋಹಿತರು ಮನೆಯಲ್ಲೋ ಛತ್ರದಲ್ಲೋ ಮಾಡಿಸುತ್ತಾರೆ. ಹೊರಡುವ ಮೊದಲೇ ಫೋನಿನಲ್ಲಿ ಮಾತಾಡಿ, ದಕ್ಷಿಣೆ, ಸಾಮಗ್ರಿ ಎಲ್ಲ ಸೇರಿ ಎಷ್ಟು ಅಂತ ಕೇಳಿಟ್ಟುಕೊಳ್ಳಿ. ದುಃಖದಲ್ಲಿರುವಾಗ ಘಾಟ್ ಮೇಲೆ ನಿಂತು ಚೌಕಾಸಿ ಮಾಡುವುದು ಯಾರಿಗೂ ಬೇಡ.

ಪ್ರಶ್ನೆ: ಘಾಟ್‌ಗಳೇ ಇಲ್ಲ ಅಂದಮೇಲೆ ನೋಡುವುದೇನು?

ಉತ್ತರ: ಸಾರನಾಥ. ಊರಿನಿಂದ ಸುಮಾರು 10 ಕಿಲೋಮೀಟರ್. ಮಳೆಯಲ್ಲಿ ತೊಳೆದ ಧಮೇಕ್ ಸ್ತೂಪ, ಸುತ್ತ ಹಸಿರು ಹುಲ್ಲು. ನಮ್ಮ ನೋಟಿನ ಮೇಲಿರುವ ಸಿಂಹಗಳ ಅಸಲಿ ಕಲ್ಲು ಅಲ್ಲಿನ ಮ್ಯೂಸಿಯಂನಲ್ಲಿದೆ. ಶುಕ್ರವಾರ ಮ್ಯೂಸಿಯಂಗೆ ರಜೆ.

ಮಳೆಗಾಲಕ್ಕೇ ಮೀಸಲಾದದ್ದು ಅಂದರೆ ಜಲಪಾತ. ಚಂದೌಲಿ ಜಿಲ್ಲೆಯ ಚಂದ್ರಪ್ರಭಾ ಅಭಯಾರಣ್ಯದಲ್ಲಿ ರಾಜದರಿ, ದೇವದರಿ ಅಂತ ಎರಡು ಇವೆ, ಬೇಸಿಗೆಯಲ್ಲಿ ಸೊರಗಿರುತ್ತವೆ, ಈಗ ಭೋರ್ಗರೆಯುತ್ತವೆ. ಕಾರು ಮಾಡಿಕೊಂಡು ಬೆಳಗ್ಗೆ ಹೋಗಿ ಸಂಜೆಗೆ ಬರಬಹುದು. (ಗಿರ್ ಸಿಂಹಗಳಿಗೆ ಎರಡನೇ ಮನೆ ಮಾಡುತ್ತೇವೆ ಅಂತ 1957ರಲ್ಲಿ ಮೂರು ಸಿಂಹಗಳನ್ನು ತಂದು ಬಿಟ್ಟದ್ದು ಇದೇ ಕಾಡಿಗೆ. ಕೆಲವು ವರ್ಷ ಸಂಖ್ಯೆ ಏರಿತು, ಆಮೇಲೆ ಒಂದೂ ಉಳಿಯಲಿಲ್ಲ.) ಕಾಡಿನ ಗೇಟು ಮಳೆ ಜಾಸ್ತಿಯಾದರೆ ಮುಚ್ಚಿರಬಹುದು, ಡ್ರೈವರ್ ಹತ್ತಿರ ಮೊದಲೇ ವಿಚಾರಿಸಿ.

ಪ್ರಶ್ನೆ: ಮಲಾಯಿಯೋ ಎಲ್ಲಿ ಚೆನ್ನಾಗಿರುತ್ತದೆ?

ಉತ್ತರ: ಚಳಿಗಾಲದಲ್ಲಿ ಚೆನ್ನಾಗಿರುತ್ತದೆ! ಇಬ್ಬನಿಯ ಕಾಲದಲ್ಲಿ ಮಾಡುವ ಸಿಹಿ ಹಾಲಿನ ನೊರೆ ಅದು, ಜುಲೈನಲ್ಲಿ ಸಿಗುವುದಿಲ್ಲ. ಬದಲಿಗೆ ಜುಲೈ ಮೊದಲ ವಾರಗಳಲ್ಲಿ ಹೋದರೆ ಬನಾರಸಿ ಲಂಗ್ಡಾ ಮಾವು ಇನ್ನೂ ಸಿಗಬಹುದು. ಮಾಗಿದರೂ ಸಿಪ್ಪೆ ಹಸಿರೇ, ಕಾಯಿ ಅಂತ ಬಿಟ್ಟು ಬರಬೇಡಿ. ಕಚೌರಿಯನ್ನು ಬಾಣಲೆಯಿಂದ ತೆಗೆದದ್ದನ್ನೇ ತಿನ್ನಿ. ಕತ್ತರಿಸಿಟ್ಟ ಹಣ್ಣು, ಪಾನಿಪುರಿಯ ಪಾನಿ ಮಳೆಗಾಲ ಮುಗಿಯುವ ತನಕ ಬೇಡ.

ಪ್ರಶ್ನೆ: ಛತ್ರಿನಾ, ರೈನ್‌ಕೋಟಾ?

ಉತ್ತರ: ಗಲ್ಲಿಯಲ್ಲಿ ಎದುರು ಬದುರು ಬಂದ ಎರಡು ಛತ್ರಿಗಳು ದಾಟಿ ಹೋಗುವುದಿಲ್ಲ, ಅದರ ಜೊತೆ ಒಂದು ಹಸುವೂ ಇರುತ್ತದೆ. ರೈನ್‌ಕೋಟ್ ಹಾಕಿದರೆ ಒಳಗಿನ ಬೆವರಿನಲ್ಲೇ ನೆನೆಯುತ್ತೀರಿ. ಚೀಲಕ್ಕೆ ಒಂದು ಪ್ಲಾಸ್ಟಿಕ್ ಹೊದಿಕೆ, ಮೈಗೆ ಬೇಗ ಒಣಗುವ ತೆಳು ಬಟ್ಟೆ, ಕಾಲಿಗೆ ಹಿಂದೆ ಪಟ್ಟಿ ಇರುವ, ಜಾರದ ಸ್ಯಾಂಡಲ್. ಮಳೆ ಬಂದರೆ ಯಾವುದಾದರೂ ಚಹಾ ಅಂಗಡಿಯ ಕೆಳಗೆ ನಿಂತುಬಿಡಿ, ಅಲ್ಲಿಯವರು ಮಾಡುವುದೂ ಅದನ್ನೇ.