ಸಂಪಾದಕರ ಉತ್ತರ: ಫ್ರೀ ಕಿಕ್ ‘ಉಚಿತ’ವೇ?

ಮಾನ್ಯರೇ,

ಕಳೆದ ಸಂಚಿಕೆಯ ಫುಟ್ಬಾಲ್ ವರದಿಯಲ್ಲಿ ಫ್ರೀ ಕಿಕ್ಕನ್ನು ‘ಉಚಿತ ಒದೆತ’ ಎಂದು ಬರೆದದ್ದನ್ನು ಆಕ್ಷೇಪಿಸಿ, ಕಾಲಿಗೆ ಪೆಟ್ಟು ತಿಂದವನಿಗೆ ಸಿಕ್ಕ ಪರಿಹಾರ ಉಚಿತ ಹೇಗಾದೀತು ಎಂದು ಕೇಳಿದ್ದೀರಿ. ಮಂಗಳೂರಿನ ನೆಹರೂ ಮೈದಾನದಲ್ಲಿ ಫ್ರೀ ಕಿಕ್ಕಿನ ಚೆಂಡು ಯಾರಿಗೂ ತಾಗದೆ ನೇರವಾಗಿ ಬಲೆ ಸೇರಿದರೂ ರೆಫರಿ ಗೋಲು ಕೊಡಲಿಲ್ಲವೇಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ಮೊದಲನೆಯದರಲ್ಲಿ ತಪ್ಪು ನಮ್ಮದೇ. ‘ಉಚಿತ’ ಎಂದೊಡನೆ ನಮ್ಮ ಊರಿನವರ ಕಿವಿಗೆ ‘ಧರ್ಮಕ್ಕೆ ಸಿಕ್ಕಿದ್ದು’ ಎಂದೇ ಕೇಳಿಸುತ್ತದೆ. ಇಲ್ಲಿ ಫ್ರೀ ಎಂದರೆ ಅಡ್ಡಿಯಿಲ್ಲದ್ದು. 1863ರಲ್ಲಿ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ ರೂಪಿಸಿದ ಮೊದಲ ನಿಯಮಗಳಲ್ಲಿ ಅದು ತಪ್ಪಿಗೆ ಪರಿಹಾರವೇ ಆಗಿರಲಿಲ್ಲ. ಎದುರಾಳಿ ಒದ್ದ ಚೆಂಡನ್ನು ನೆಲ ಮುಟ್ಟುವ ಮೊದಲೇ ಕೈಯಲ್ಲಿ ಹಿಡಿದವನು ಕೂಡಲೇ ಹಿಮ್ಮಡಿಯಿಂದ ನೆಲದಲ್ಲಿ ಗುರುತು ಮಾಡಿದರೆ, ಅವನು ಒದೆಯುವ ತನಕ ಎದುರಾಳಿಗಳು ಆ ಗುರುತನ್ನು ದಾಟಿ ಬರುವಂತಿರಲಿಲ್ಲ. ರಗ್ಬಿಯಲ್ಲಿ ಈ ಪದ್ಧತಿ ‘ಮಾರ್ಕ್’ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ.

ಫುಟ್ಬಾಲಿನಲ್ಲಿ ಆ ಗುರುತಿನ ಜಾಗಕ್ಕೆ 9.15 ಮೀಟರ್, ಅಂದರೆ 10 ಗಜದ ಅಂತರ ಬಂದಿದೆ. ಮಳೆಗಾಲದ ಪಂದ್ಯದಲ್ಲಿ ರೆಫರಿ ಹೆಜ್ಜೆ ಎಣಿಸಿ ಎದುರಾಳಿಗಳನ್ನು ಗೋಡೆಯಂತೆ ಸಾಲಾಗಿ ನಿಲ್ಲಿಸಿ ಅತ್ತ ತಿರುಗಿದ್ದೇ ತಡ, ಹೊಟ್ಟೆಯ ಕೆಳಗೆ ಕೈಕಟ್ಟಿ ನಿಂತವರು ಕೆಸರಿನಲ್ಲಿ ಬೂಟು ಜಾರಿಸುತ್ತ ಗೇಣುಗೇಣಾಗಿ ಮುಂದೆ ಬರುವುದನ್ನು ನೀವೂ ಕಂಡಿರಬಹುದು. ಅವರು ಕದಿಯುತ್ತಿರುವುದು ಆ ‘ಫ್ರೀ’ಯನ್ನೇ. ಹಾಕಿಯ ಫ್ರೀ ಹಿಟ್ಟಿನಲ್ಲೂ ಎದುರಾಳಿಗಳು 5 ಮೀಟರ್ ದೂರ ನಿಲ್ಲಬೇಕು. ಬೌಲ್ಡ್ ಆದರೂ ಔಟಾಗದ ಕ್ರಿಕೆಟ್ಟಿನ ಫ್ರೀ ಹಿಟ್ಟಿಗೆ ಬೇಕಾದರೆ ‘ಧರ್ಮಕ್ಕೆ’ ಎಂದರೂ ಒಪ್ಪಬಹುದು.

ಎರಡನೆಯದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ರೆಫರಿ ‘ಒಂದು ಕೈ ಮೇಲೆತ್ತಿಕೊಂಡೇ ಇದ್ದರು’ ಎಂದು ಬರೆದಿದ್ದೀರಿ. ಅದು ಪರೋಕ್ಷ ಫ್ರೀ ಕಿಕ್ಕಿನ ಸಂಜ್ಞೆ. ಒದೆಯುವುದು, ತಳ್ಳುವುದು, ಕೈಯಿಂದ ಚೆಂಡು ತಡೆಯುವುದು ಮುಂತಾದ ತಪ್ಪುಗಳಿಗೆ ನೇರ ಕಿಕ್ ಸಿಗುತ್ತದೆ. ಮೈ ತಾಗದ ಅಪಾಯಕಾರಿ ಆಟಕ್ಕೆ, ಅಥವಾ ತಂಡದವನೇ ಬೇಕೆಂದು ಒದ್ದುಕೊಟ್ಟ ಚೆಂಡನ್ನು ಗೋಲಿ (ಗೋಲ್‌ಕೀಪರ್) ತನ್ನ ಆವರಣದೊಳಗೆ ಕೈಯಲ್ಲಿ ಹಿಡಿದರೆ (ಇದು 1992ರಲ್ಲಿ ಬಂದ ನಿಯಮ), ಪರೋಕ್ಷ ಕಿಕ್. ಇದರಲ್ಲಿ ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲೆಯೇ ಗೋಲು. ಗೋಲಿಯ ಬೆರಳಾದರೂ ತಾಗಿದ್ದರೆ ಗೋಲಾಗುತ್ತಿತ್ತು. ಯಾರಿಗೂ ತಾಗದ್ದರಿಂದ ಎದುರು ತಂಡಕ್ಕೆ ಗೋಲ್ ಕಿಕ್ ಸಿಕ್ಕಿತು.

ನೀವು ಸೂಚಿಸಿದ ‘ಮುಕ್ತ ಒದೆತ’ ಅರ್ಥಕ್ಕೆ ಹತ್ತಿರವೇ. ಆದರೆ ಮೈದಾನದಲ್ಲಿ ಯಾರ ಬಾಯಲ್ಲೂ ಅದು ಬಾರದು. ಮುಂದಿನ ಸಂಚಿಕೆಯಿಂದ ‘ಫ್ರೀ ಕಿಕ್’ ಎಂದೇ ಅಚ್ಚು ಹಾಕುತ್ತೇವೆ.

— ಸಂಪಾದಕ