ಗದ್ದದ ಮೇಲೆ ಕೂದಲು ಬರ್ತಾವೆ ಅಂತ ಹುಡುಗನಿಗೆ ಹೇಳಬೇಕಾ ಅಕ್ಕಾ?

ಪ್ರಶ್ನೆ: ಅಕ್ಕಾ, ನನಗೆ 25 ವರ್ಷ. ಸಿಂಧನೂರು ಹತ್ತಿರದ ಹಳ್ಳಿಯಲ್ಲಿ ಅತಿಥಿ ಶಿಕ್ಷಕಿ ಆಗಿದ್ದೇನೆ. ಪಿಯುಸಿ ಓದುವಾಗಿನಿಂದ ಗದ್ದ, ಮೇಲ್ದುಟಿ, ದವಡೆ ಕೆಳಗೆ ದಪ್ಪ ಕೂದಲು ಬರುತ್ತವೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ. ಒಂದು ಸಲ ಸ್ಕ್ಯಾನಿಂಗ್ ಮಾಡಿಸಿದಾಗ ಪಿಸಿಓಡಿ ಅಂದರು, ಅಷ್ಟಕ್ಕೇ ಬಿಟ್ಟೆವು. ದಿನಾ ಮನೆಯವರು ಏಳುವ ಮುಂಚೆ ಬಚ್ಚಲಲ್ಲಿ ಬ್ಲೇಡು ಹಾಕಿಕೊಳ್ಳುತ್ತೇನೆ. ಕೊರೊನಾ ಹೋದರೂ ನನ್ನ ಮಾಸ್ಕ್ ಹೋಗಿಲ್ಲ. ಮೊನ್ನೆ ಎರಡನೇ ಕ್ಲಾಸಿನ ಹುಡುಗನೊಬ್ಬ ‘ಟೀಚರ್, ನಿಮಗ ಗಡ್ಡ ಬಂದಾವ್ರೀ’ ಅಂದ. ಅವತ್ತಿನಿಂದ ಶಾಲೆಗೆ ಹೋಗಲು ಕಾಲೇ ಬರುತ್ತಿಲ್ಲ. ಚಿಕ್ಕಮ್ಮ ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದುಕೊಟ್ಟಿದ್ದಾರೆ. ಹಚ್ಚಿದ ಮೇಲೆ ಮುಖ ಬೆಳ್ಳಗಾಗಿದೆ, ಆದರೆ ಕೂದಲು ಜಾಸ್ತಿ ಆದಂತಿದೆ. ಈಗ ಗಂಗಾವತಿ ಕಡೆಯ ಸಂಬಂಧ ಬಂದಿದೆ. ಹುಡುಗ ಒಪ್ಪಿದ್ದಾನೆ, ನನಗೂ ಇಷ್ಟ. ‘ಬಾಯಿ ಬಿಟ್ಟಿ ಅಂದ್ರ ಸಂಬಂಧ ಮುರೀತದ, ಮದುವಿ ಆದ್ರ ಎಲ್ಲಾ ಸರಿ ಹೋಗ್ತದ’ ಅಂತಾಳೆ ಅವ್ವ. ಅವ್ವ, ಅತ್ತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನಿಗೆ ಹೇಳಬೇಕಾ?

ಉತ್ತರ: ತಂಗಿ, ಹುಡುಗನ ವಿಷಯಕ್ಕೆ ಬರುತ್ತೇನೆ. ಅದಕ್ಕಿಂತ ಮುಂಚೆ ಆ ಕ್ರೀಮ್.

ಟ್ಯೂಬು ತೆಗೆದು ಅದರ ಮೇಲಿನ ಸಣ್ಣ ಅಕ್ಷರ ಓದು. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಇವುಗಳಲ್ಲಿ ಯಾವುದಾದರೂ ಒಂದು ಹೆಸರು ಇದ್ದರೆ ಅದು ಸ್ಟೀರಾಯ್ಡ್ ಕ್ರೀಮ್. ಮೊದಮೊದಲು ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ಮೊಡವೆ ಏಳುತ್ತವೆ. ಮುಖದ ಮೇಲೆ ಕೂದಲು ಜಾಸ್ತಿ ಆಗುವುದೂ ಇದೇ ಕ್ರೀಮಿನ ಅಡ್ಡಪರಿಣಾಮ. ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು 2018ರಲ್ಲೇ ಸರ್ಕಾರ ನಿಯಮ ಮಾಡಿದೆ. ಆದರೂ ಸಿಗುತ್ತವೆ, ಅದು ನನಗೆ ಬಹಳ ಸಿಟ್ಟು ತರಿಸುವ ವಿಷಯ. ಚಿಕ್ಕಮ್ಮನ ಮೇಲೆ ಕೋಪ ಬೇಡ, ಅವರು ಪ್ರೀತಿಯಿಂದಲೇ ತಂದಿದ್ದಾರೆ. ಟ್ಯೂಬು ಎಸೆಯಬೇಡ, ಚರ್ಮದ ಡಾಕ್ಟರಿಗೆ ತೋರಿಸು. ಬಹಳ ದಿನ ಹಚ್ಚಿದ್ದರೆ ಬಿಟ್ಟಾಗ ಮುಖ ಕೆಂಪಾಗಿ ಉರಿಯಬಹುದು. ಹೆದರಿ ಮತ್ತೆ ಹಚ್ಚಲು ಹೋಗಬೇಡ, ಬಿಡಿಸುವ ದಾರಿ ಅವರಿಗೆ ಗೊತ್ತಿರುತ್ತದೆ.

ಇನ್ನು ಬ್ಲೇಡಿನ ವಿಷಯ. ನೀನು ಮಾಡುತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಬ್ಲೇಡು ಹಾಕಿದರೆ ಕೂದಲು ದಪ್ಪಗೆ, ಹೆಚ್ಚಾಗಿ ಬರುತ್ತವೆ ಅನ್ನುವುದು ಸುಳ್ಳು. ಕೂದಲಿನ ಬೇರು ಚರ್ಮದ ಒಳಗಿದೆ, ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕೂಳೆ ಚುಚ್ಚುತ್ತದಲ್ವಾ, ಹಾಗೆ ಕತ್ತರಿಸಿದ ತುದಿ ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ. ಆದರೆ ಕತ್ತಲಲ್ಲಿ, ಗಡಿಬಿಡಿಯಲ್ಲಿ, ಒಣ ಮುಖದ ಮೇಲೆ ಬೇಡ. ಬೆಚ್ಚಗಿನ ನೀರಿನಲ್ಲಿ ಮುಖ ತೊಳೆದು, ಸ್ವಲ್ಪ ಲೋಳೆಸರದ ಜೆಲ್ ಹಚ್ಚಿ, ಹೊಸ ರೇಜರಿನಿಂದ ಕೂದಲು ಬೆಳೆದ ದಿಕ್ಕಿಗೇ ಹಗುರವಾಗಿ ತೆಗೆ. ರೇಜರು ನಿನ್ನದೇ ಇರಲಿ, ಮನೆಯವರದು ಬಳಸಬೇಡ. ಆಮೇಲೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚು. ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಮಾಡಿಸಿದ ಮೇಲೆ ಗದ್ದದ ಸುತ್ತ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯುತ್ತದೆ ಅಂತಾದರೆ ಅವನ್ನು ಬಿಟ್ಟುಬಿಡು. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮದಲ್ಲಿ ಆ ಕಲೆ ಬೇಗ ಹೋಗುವುದಿಲ್ಲ. ಕಡಲೆಹಿಟ್ಟು, ಅರಿಶಿನದಿಂದ ಇಂಥ ಗಟ್ಟಿ ಕೂದಲು ಹೋಗುವುದಿಲ್ಲ. ಉಜ್ಜಿ ಉಜ್ಜಿ ಚರ್ಮ ಕೆಡಿಸಿಕೊಳ್ಳಬೇಡ.

ಆದರೆ ನಿನ್ನ ಕಾಗದದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಕೂದಲಲ್ಲ, ‘ಅಷ್ಟಕ್ಕೇ ಬಿಟ್ಟೆವು’ ಅಂದದ್ದು. ಗಂಡಸರ ಹಾರ್ಮೋನು ಅನ್ನುತ್ತಾರಲ್ಲ, ಆಂಡ್ರೋಜನ್, ಅದು ಎಲ್ಲ ಹೆಂಗಸರ ಮೈಯಲ್ಲೂ ಸ್ವಲ್ಪ ಇರುತ್ತದೆ. ಪಿಸಿಓಡಿ, ಅಂದರೆ ಡಾಕ್ಟರು ಪಿಸಿಓಎಸ್ ಎನ್ನುವ ಈ ತೊಂದರೆಯಲ್ಲಿ ಅಂಡಾಶಯ ಅದನ್ನು ಜಾಸ್ತಿ ಮಾಡುತ್ತದೆ. ಮೈಗೆ ಇನ್ಸುಲಿನ್ ಸರಿಯಾಗಿ ಒಗ್ಗದೆ, ರಕ್ತದಲ್ಲಿ ಇನ್ಸುಲಿನ್ ಏರಿದಾಗ ಇನ್ನೂ ಜಾಸ್ತಿ. ಗದ್ದದ ಮೇಲಿನ ಮೆತ್ತನೆಯ ನವಿರು ಕೂದಲು ಅದರಿಂದಲೇ ಗಟ್ಟಿ ಕೂದಲಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಪಿಸಿಓಎಸ್ ಇದೆ. ಈಗಿನ ಕಾಲದ ರೋಗವೂ ಅಲ್ಲ. 1935ರಲ್ಲೇ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಇದರ ಬಗ್ಗೆ ಬರೆದಿದ್ದರು. ನೀನು ಏನೋ ತಿಂದದ್ದಕ್ಕೆ, ಏನೋ ತಪ್ಪು ಮಾಡಿದ್ದಕ್ಕೆ ಬಂದದ್ದಲ್ಲ.

ಮುಟ್ಟು ಮೂರು ತಿಂಗಳಿಗಿಂತ ಹೆಚ್ಚು ಮುಂದೆ ಹೋಗುತ್ತಲೇ ಇದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದು ಒಳ್ಳೆಯದಲ್ಲ. ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯೂ ಜಾಸ್ತಿ. ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದ್ದರೆ ಅದು ಕೊಳೆಯಲ್ಲ, ತಿಕ್ಕಬೇಡ, ಡಾಕ್ಟರಿಗೆ ತೋರಿಸು.

ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಸಿಂಧನೂರಿನಲ್ಲಿ ಗುರುತಿನವರು ನೋಡುತ್ತಾರೆ ಅನ್ನುವ ಅಳುಕಿದ್ದರೆ ಅತ್ತಿಗೆ ಜೊತೆ ಬಸ್ಸು ಹತ್ತಿ ರಾಯಚೂರಿನ ರಿಮ್ಸ್‌ಗೆ ಹೋಗು. ಮದುವೆ ಆಗದ ಹುಡುಗಿಗೆ ಸ್ಕ್ಯಾನಿಂಗ್ ಹೊಟ್ಟೆಯ ಮೇಲಿಂದಲೇ ಮಾಡುತ್ತಾರೆ, ನೀರು ಕುಡಿದು ಹೋದರೆ ಸಾಕು. ರಕ್ತದಲ್ಲಿ ಟೆಸ್ಟೋಸ್ಟೆರಾನ್, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಸಕ್ಕರೆ ನೋಡುತ್ತಾರೆ. ಪಿಸಿಓಎಸ್ ಥರವೇ ಕಾಣುವ ಬೇರೆ ತೊಂದರೆಗಳೂ ಇವೆ, ಅದಕ್ಕೇ ಇಷ್ಟು ಪರೀಕ್ಷೆ. ನಿನಗೆ ನಿಧಾನವಾಗಿ ಬಂದಿದೆ. ನಾಲ್ಕಾರು ತಿಂಗಳಲ್ಲೇ ಕೂದಲು ಸರ್ರನೆ ಏರಿ, ಧ್ವನಿ ಗಡುಸಾದರೆ ಮಾತ್ರ ಒಂದು ವಾರವೂ ಕಾಯಬಾರದು.

ಈಗ ಒಂದು ಮಾತು ಅವ್ವನಿಗೂ ಓದಿ ಹೇಳು. ಡಾಕ್ಟರು ಬಹುಶಃ ಗರ್ಭನಿರೋಧಕ ಮಾತ್ರೆ ಬರೆದುಕೊಡುತ್ತಾರೆ. ಚೀಟಿ ನೋಡಿ ಅವ್ವ ಗಾಬರಿ ಆಗಬಾರದು. ಇಲ್ಲಿ ಅದನ್ನು ಕೊಡುವುದು ಬಸುರು ತಡೆಯಲು ಅಲ್ಲ. ಆ ಮಾತ್ರೆ ಅಂಡಾಶಯದಲ್ಲಿ ಆಂಡ್ರೋಜನ್ ತಯಾರಾಗುವುದನ್ನು ಕಡಿಮೆ ಮಾಡುತ್ತದೆ, ಮುಟ್ಟನ್ನು ಹಳಿಗೆ ತರುತ್ತದೆ. ಬಿಪಿ, ವಿಪರೀತ ತಲೆನೋವು, ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಇವನ್ನು ಡಾಕ್ಟರು ಕೇಳಿಯೇ ಕೊಡುತ್ತಾರೆ. ಹಾಗಾಗಿ ಗೆಳತಿ ತಗೊಂಡ ಮಾತ್ರೆ ನೀನೂ ತಗೊಳ್ಳಬೇಡ. ಸ್ಪೈರೊನೊಲ್ಯಾಕ್ಟೋನ್ ಅಂತ ಇನ್ನೊಂದು ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ. ಅದನ್ನು ನುಂಗುವಾಗ ಬಸುರಾಗಲೇಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ಅದಕ್ಕೇ ಮದುವೆ ಮಾತುಕತೆ ನಡೆದಿದೆ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳು.

ಮಾತ್ರೆಯಿಂದ ಕೂದಲಿನಲ್ಲಿ ಫರಕು ಕಾಣಲು ಸುಮಾರು ಆರು ತಿಂಗಳು ಬೇಕು. ಈಗಾಗಲೇ ಗಟ್ಟಿಯಾದ ಕೂದಲು ಹಾರ್ಮೋನು ಇಳಿದ ಕೂಡಲೇ ಉದುರುವುದಿಲ್ಲ. ಬಹಳ ಮಂದಿ ಎರಡು ತಿಂಗಳು ನುಂಗಿ ‘ಏನೂ ಆಗಲಿಲ್ಲ’ ಅಂತ ಬಿಡುವುದು ಇಲ್ಲೇ. ಅಲ್ಲಿಯವರೆಗೆ ಬ್ಲೇಡು ಇದ್ದೇ ಇದೆ.

ಲೇಸರ್ ಬಗ್ಗೆ ಆಸೆ ಇರಬಹುದು. ದಪ್ಪ ಕಪ್ಪು ಕೂದಲಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಸಲಕ್ಕೆ ಮುಗಿಯುವುದಿಲ್ಲ. ತಿಂಗಳು, ಒಂದೂವರೆ ತಿಂಗಳಿಗೊಮ್ಮೆ ಆರೆಂಟು ಸಲ, ಆಮೇಲೂ ಆಗಾಗ. ‘ಶಾಶ್ವತ’ ಅಂತ ಬೋರ್ಡು ಹಾಕಿದವರನ್ನು ನಂಬಬೇಡ. ಒಳಗಿನ ಹಾರ್ಮೋನಿಗೆ ಮದ್ದು ಮಾಡದೆ ಹೊರಗೆ ಲೇಸರ್ ಹೊಡೆಸಿದರೆ ಹೊಸ ಕೂದಲು ಬರುತ್ತಲೇ ಇರುತ್ತವೆ. ನಮ್ಮಂಥ ಚರ್ಮಕ್ಕೆ ಎನ್‌ಡಿ-ಯಾಗ್ ಅಥವಾ ಡಯೋಡ್ ಲೇಸರ್ ವಾಸಿ. ಚರ್ಮದ ಡಾಕ್ಟರು ಇರುವಲ್ಲೇ ಮಾಡಿಸು, ಮೊದಲು ಚೂರು ಜಾಗದಲ್ಲಿ ಪರೀಕ್ಷೆ ಮಾಡಿ ಎಂದು ಕೇಳು. ಕೆನ್ನೆಯ ನವಿರು ಕೂದಲಿಗೆ ಮಾಡಿಸಬೇಡ, ಕೆಲವರಿಗೆ ಅದರಿಂದ ಕೂದಲು ಇನ್ನೂ ಹೆಚ್ಚಾಗುತ್ತದೆ. ನಮ್ಮ ಕಡೆಯ 40 ಡಿಗ್ರಿ ಬಿಸಿಲು ಕಳೆದು ಮಳೆ ಬಿದ್ದ ಮೇಲೆ ಶುರು ಮಾಡಿದರೆ ಚರ್ಮಕ್ಕೂ ಒಳ್ಳೆಯದು. ಸನ್‌ಸ್ಕ್ರೀನ್ ತಪ್ಪಿಸಬಾರದು. ಅತಿಥಿ ಶಿಕ್ಷಕಿಯ ಸಂಬಳ ಎಷ್ಟು, ಅದು ಯಾವಾಗ ಕೈಗೆ ಬರುತ್ತದೆ ಅನ್ನುವುದು ನನಗೆ ಗೊತ್ತು. ಸಾಲ ಮಾಡಿ ಲೇಸರ್ ಬೇಡ. ಮೊದಲು ಮಾತ್ರೆ, ಪರೀಕ್ಷೆ.

ಊಟದ ಬಗ್ಗೆ ದೊಡ್ಡ ಭಾಷಣ ಇಲ್ಲ. ಕಾಲುವೆ ನೀರು ಬಂದಾಗಿನಿಂದ ನಿಮ್ಮ ಕಡೆ ಮೂರು ಹೊತ್ತೂ ಅನ್ನ ಆಗಿದೆ. ಒಂದು ಹೊತ್ತಾದರೂ ಜೋಳದ ರೊಟ್ಟಿ, ಪುಂಡಿಪಲ್ಯೆ, ಮಡಕಿಕಾಳು ಇರಲಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆ. ತೂಕ ಜಾಸ್ತಿ ಇದ್ದರೆ ನೂರಕ್ಕೆ ಐದು ಪಾಲು ಇಳಿದರೂ ಮುಟ್ಟಿನಲ್ಲಿ ಫರಕು ಕಾಣಬಹುದು. ತೆಳ್ಳಗಿದ್ದವರಿಗೂ ಇದು ಬರುತ್ತದೆ, ಉಪವಾಸ ಬೀಳಬೇಡ.

ಈಗ ಹುಡುಗ. ಹೇಳು. ನಿಶ್ಚಯ ಆಗುವ ಮುಂಚೆ, ನೀನೇ, ಅವನಿಗೆ ಮಾತ್ರ. ಅವರ ಮನೆಯ ಹತ್ತು ಜನರ ಮುಂದೆ ನಿನ್ನ ಗದ್ದದ ಲೆಕ್ಕ ಒಪ್ಪಿಸುವ ಅಗತ್ಯ ಇಲ್ಲ. ಆದರೆ ಜೊತೆಗೆ ಬಾಳುವವನಿಗೆ ಗೊತ್ತಿರಬೇಕು. ಮದುವೆಯಾದ ಮೇಲೆ ಅವನಿಗಿಂತ ಮುಂಚೆ ಎದ್ದು, ಬಚ್ಚಲ ಚಿಲಕ ಹಾಕಿಕೊಂಡು ಎಷ್ಟು ವರ್ಷ ಅಂತ ಮುಚ್ಚಿಡುತ್ತೀ? ಫೋನಿನಲ್ಲಿ ಇಷ್ಟು ಹೇಳಿದರೆ ಸಾಕು: ‘ನನಗೆ ಪಿಸಿಓಎಸ್ ಅಂತ ಹಾರ್ಮೋನಿನ ತೊಂದರೆ ಇದೆ. ಮುಟ್ಟು ಸರಿಯಾಗಿ ಆಗಲ್ಲ, ಮುಖದ ಮೇಲೆ ಕೂದಲು ಬರ್ತಾವೆ. ತೋರಿಸ್ತಾ ಇದೀನಿ. ಮದುವೆಗೆ ಮುಂಚೆ ನಿಮಗೆ ಗೊತ್ತಿರಲಿ ಅಂತ ಹೇಳಿದೆ.’ ಅಳಬೇಡ, ಕ್ಷಮೆ ಕೇಳಬೇಡ. ಮಕ್ಕಳಾಗುತ್ತವಾ ಎಂದು ಅವನು ಕೇಳಬಹುದು. ಪಿಸಿಓಎಸ್ ಇರುವ ಬಹಳಷ್ಟು ಹೆಂಗಸರಿಗೆ ಮಕ್ಕಳಾಗುತ್ತವೆ. ಕೆಲವರಿಗೆ ಅಂಡ ಬಿಡುಗಡೆ ಆಗಲು ಮಾತ್ರೆಯ ಸಹಾಯ ಬೇಕಾಗುತ್ತದೆ.

ಅವನು ಹಿಂದೆ ಸರಿಯಬಹುದು. ಹಾಗಾದರೆ ನಿನಗೆ ನೋವಾಗುತ್ತದೆ, ಅವ್ವ ನಿನ್ನನ್ನೇ ಬೈಯುತ್ತಾಳೆ. ಆದರೂ ಮದುವೆ ಆದ ಮೇಲೆ ಗೊತ್ತಾಗಿ ‘ಮೋಸ ಮಾಡಿದಿರಿ’ ಅನ್ನಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮದುವೆಯಿಂದ ಪಿಸಿಓಎಸ್ ವಾಸಿ ಆಗುವುದಿಲ್ಲ, ಅದನ್ನು ಅವ್ವನಿಗೆ ಡಾಕ್ಟರ ಬಾಯಿಂದಲೇ ಹೇಳಿಸು.

ಆ ಎರಡನೇ ಕ್ಲಾಸಿನ ಹುಡುಗ ಕೆಟ್ಟವನಲ್ಲ, ಕಂಡದ್ದನ್ನು ಅಂದ. ಮತ್ತೆ ಕೇಳಿದರೆ ‘ಹೌದಪ್ಪಾ, ಕೆಲವು ಹೆಂಗಸರಿಗೂ ಬರ್ತಾವೆ’ ಅಂದು ಮಗ್ಗಿ ಹೇಳಿಸು. ಮಾಸ್ಕನ್ನು ಒಮ್ಮೆಲೇ ತೆಗೆಯಬೇಕಾಗಿಲ್ಲ, ಮೊದಲು ಒಂದು ಪಿರಿಯಡ್ ತೆಗೆದು ನೋಡು. ಶಾಲೆಗೆ ಹೋಗಲಾಗದಷ್ಟು, ನಿದ್ದೆ ಬಾರದಷ್ಟು ಮನಸ್ಸು ಕುಗ್ಗಿದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು ಕಾಣುತ್ತದೆ, ಅದಕ್ಕೂ ಚಿಕಿತ್ಸೆ ಇದೆ.

ಆಸ್ಪತ್ರೆಗೆ ಹೋಗುವಾಗ ಹಳೆಯ ಸ್ಕ್ಯಾನಿಂಗ್ ರಿಪೋರ್ಟು, ಆ ಕ್ರೀಮಿನ ಟ್ಯೂಬು, ಕಳೆದ ಒಂದು ವರ್ಷದಲ್ಲಿ ನೆನಪಿರುವ ಮುಟ್ಟಿನ ತಾರೀಖುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ಹಿಂದಿನ ದಿನ ಗದ್ದಕ್ಕೆ ಬ್ಲೇಡು ಹಾಕಬೇಡ, ಕೂದಲು ಎಲ್ಲೆಲ್ಲಿ ಎಷ್ಟಿದೆ ಅಂತ ಅವರಿಗೆ ಕಾಣಬೇಕು. ರಿಪೋರ್ಟು ಬಂದ ಮೇಲೆ ಏನಾದರೂ ತಿಳಿಯದಿದ್ದರೆ ಮತ್ತೆ ಬರಿ.